ಹೆಬ್ಬೆರಳ ಬುಡದ ನೋವು: ಆಪರೇಷನ್ ಬೇಕೇ?

ಪ್ರಶ್ನೆ: ಹೊಗೆಸೊಪ್ಪು ಕಡ್ಡಿಗೆ ಕಟ್ಟುವ ಕೆಲಸ ನನ್ನದು. ಎರಡು ತಿಂಗಳಿಂದ ಬಲಗೈ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ನೋವು. ಬಿಂದಿಗೆ ಎತ್ತಲು, ಬಟ್ಟೆ ಹಿಂಡಲು ಆಗುತ್ತಿಲ್ಲ. ಉಳುಕು ತೆಗೆಸಿದ ಮೇಲೆ ಇನ್ನೂ ಜಾಸ್ತಿಯಾಯಿತು. ಆಪರೇಷನ್ ಇಲ್ಲದೆ ವಾಸಿಯಾಗುತ್ತದೆಯೇ?
– ಓದುಗರೊಬ್ಬರು, ಹೊಸ ಅಗ್ರಹಾರ

ಉತ್ತರ: ಹೆಚ್ಚಿನವರಿಗೆ ಆಗುತ್ತದೆ. ನೀವು ಬರೆದಿರುವುದನ್ನು ನೋಡಿದರೆ ಇದು ಉಳುಕಲ್ಲ, ‘ಡಿ ಕೆರ್ವೇನ್’ ತೊಂದರೆ ಇರಬಹುದು. 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯರ ಹೆಸರದು. ಹೆಬ್ಬೆರಳನ್ನು ಅಗಲಿಸುವ, ಮೇಲೆತ್ತುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಇಕ್ಕಟ್ಟಾದ ಪೊರೆಯೊಳಗೆ ಹಾದುಹೋಗುತ್ತವೆ. ಆ ಪೊರೆ ದಪ್ಪವಾದರೆ ಅವು ಸಲೀಸಾಗಿ ಜಾರುವುದಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಸೊಪ್ಪು ಮುರಿದು, ಕಟ್ಟಿ, ಬ್ಯಾರನ್‌ಗೆ (ಸೊಪ್ಪು ಕಾಯಿಸುವ ಮನೆಗೆ) ಏರಿಸುವ ದಿನಗಳಲ್ಲಿ ಹೆಬ್ಬೆರಳಿಗೆ ಬಿಡುವೆಲ್ಲಿದೆ? ಮಗುವನ್ನು ಪದೇ ಪದೇ ಎತ್ತುವ ಬಾಣಂತಿಯರಲ್ಲೂ ಇದು ಸಾಮಾನ್ಯ.

ಮೊದಲ ಮದ್ದು ಹೆಬ್ಬೆರಳಿಗೆ ವಿಶ್ರಾಂತಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಬರೀ ಮಣಿಕಟ್ಟಿನ ಪಟ್ಟಿ ಸಾಲದು; ಹೆಬ್ಬೆರಳನ್ನೂ ಸೇರಿಸಿ ಹಿಡಿದಿಡುವ ಸ್ಪ್ಲಿಂಟ್ ಬೇಕು. ಅದನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಾಕಿಸುತ್ತಾರೆ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ನೋವಿನ ಮಾತ್ರೆ ಕೆಲವು ದಿನಕ್ಕೆ ಸರಿ. ಆದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ, ಬಿ.ಪಿ. ಇದ್ದವರು ವೈದ್ಯರನ್ನು ಕೇಳದೆ ನುಂಗಬಾರದು.

ಇದಕ್ಕೂ ಬಗ್ಗದಿದ್ದರೆ ಆ ಪೊರೆಯೊಳಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ‘ಸ್ಟೀರಾಯ್ಡ್’ ಎಂದ ಕೂಡಲೇ ನಮ್ಮ ಜನ ಹಿಂಜರಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಭಯ ಅನಗತ್ಯ. ಬಹಳಷ್ಟು ಮಂದಿಗೆ ಒಂದೆರಡು ಇಂಜೆಕ್ಷನ್ನಿಗೇ ನೋವು ಇಳಿಯುತ್ತದೆ. ಜೊತೆಗೆ ಸ್ಪ್ಲಿಂಟ್ ಇದ್ದರೆ ಇನ್ನೂ ಒಳ್ಳೆಯದು. ಚುಚ್ಚಿದ ಜಾಗದ ಚರ್ಮ ಕೆಲವರಲ್ಲಿ ಬಿಳುಚಿಕೊಳ್ಳಬಹುದು. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಮೊದಲೇ ತಿಳಿಸಿ. ತಿಂಗಳುಗಟ್ಟಲೆ ಇದೆಲ್ಲ ಮಾಡಿಯೂ ಗುಣವಾಗದ ಕೆಲವರಿಗೆ ಮಾತ್ರ ಶಸ್ತ್ರಚಿಕಿತ್ಸೆ.

ಕೆಲಸ ಬಿಡಿ ಎನ್ನುವುದು ಸುಲಭ, ಕಾಯಿಸುವ ಕಾಲಕ್ಕೆ ಬ್ಯಾರನ್ ಯಾರಿಗೂ ಕಾಯುವುದಿಲ್ಲ! ಕಟ್ಟುವ ಕೆಲಸವನ್ನು ಸರದಿಯ ಮೇಲೆ ಹಂಚಿಕೊಳ್ಳಿ, ನಡುನಡುವೆ ಕೈಗೆ ಬಿಡುವು ಕೊಡಿ. ಬಿಂದಿಗೆಯನ್ನು ಎರಡೂ ಕೈಯಿಂದ ಎತ್ತಿ, ಬಟ್ಟೆ ಹಿಂಡುವುದನ್ನು ಸದ್ಯಕ್ಕೆ ಮನೆಯವರಿಗೆ ಬಿಡಿ.

ಬಿದ್ದು ಕೈ ಊರಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ಹೆಬ್ಬೆರಳ ಬುಡದ ಕೀಲು ಸವೆದರೂ ಇದೇ ರೀತಿ ನೋಯುತ್ತದೆ, ಹಾಗಾಗಿ ಪರೀಕ್ಷೆ ಮುಖ್ಯ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಗತ್ಯವಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ. ಅಲ್ಲಿಯವರೆಗೆ ಇನ್ನೊಮ್ಮೆ ಉಳುಕು ತೆಗೆಸಬೇಡಿ.