ಫ್ರಿಜ್ಜಿನ ಮೇಲಿನ ಬಾಟಲಿ ಯಾಕೆ ಒಡೆಯಿತು?

ಕ್ರಿಸ್‌ಮಸ್ ರಜೆ ಅಂದ್ರೆ ಚಳಿ, ಪ್ಲಮ್ ಕೇಕ್, ಕೇರಂ ಬೋರ್ಡು, ರಾತ್ರಿ ಒಂದರವರೆಗೆ ಹರಟೆ. ಹೋದ ಡಿಸೆಂಬರ್‌ನಲ್ಲಿ ನಾವು ನಾಲ್ವರು ಬನಶಂಕರಿ 2ನೇ ಹಂತದಲ್ಲಿರುವ ಗೆಳೆಯನ ಮನೆಯಲ್ಲಿ ಹೀಗೇ ಸೇರಿದ್ವಿ. ಮಹಡಿ ಮನೆ ಆಂಟಿ ಮಂಗಳೂರಿನ ಕಡೆಯವರು. ಕುಸ್ವಾರ್ ತಟ್ಟೆಯ ಜೊತೆ ಅವರೇ ಮಾಡಿದ ಒಂದು ಬಾಟಲಿ ಶುಂಠಿ ವೈನ್ ಕಳಿಸಿದ್ರು.

ಹೆಸರಿಗೆ ಮಾತ್ರ ಅದು ವೈನ್. ಶುಂಠಿ, ಚಕ್ಕೆ, ಲವಂಗ, ಎರಡು ಒಣ ಮೆಣಸಿನಕಾಯಿ, ಸಕ್ಕರೆ ಎಲ್ಲ ಹಾಕಿ ಮುಕ್ಕಾಲು ಗಂಟೆ ಕುದಿಸಿ, ನಿಂಬೆರಸ ಸೇರಿಸಿ ಸೋಸಿದರೆ ಆಯ್ತು. ಬಣ್ಣಕ್ಕೆ ಸ್ವಲ್ಪ ಸುಟ್ಟ ಸಕ್ಕರೆ. ಹುದುಗುವಿಕೆಯೇ ಇಲ್ಲ, ಹಾಗಾಗಿ ಆಲ್ಕೋಹಾಲೂ ಇಲ್ಲ. ಮನೆಯಲ್ಲಿ ನಿಜವಾದ ದ್ರಾಕ್ಷಿ ವೈನ್ ಮಾಡುವ ಐಡಿಯಾ ನಮ್ಮಲ್ಲೂ ಒಬ್ಬನಿಗೆ ಬಂತು. ಆದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಸರಿ, ಶುಂಠಿ ವೈನೇ ಮಾಡೋಣ ಅಂತ ಆಂಟಿ ಹತ್ತಿರ ಅಳತೆ ಕೇಳಿ ಬರೆದುಕೊಂಡ್ವಿ: 4 ಲೀಟರ್ ನೀರು, 1 ಕಿಲೋ ಸಕ್ಕರೆ, ಕಾಲು ಕಿಲೋ ಶುಂಠಿ.

ಎಂಜಿನಿಯರಿಂಗ್ ಓದುವವರು ಇದ್ದದ್ದನ್ನ ಇದ್ದ ಹಾಗೆ ಬಿಡ್ತೀವಾ? ಜಯನಗರ 4ನೇ ಬ್ಲಾಕ್ ಮಾರುಕಟ್ಟೆಯಿಂದ ಬೆಂಗಳೂರು ಬ್ಲೂ ದ್ರಾಕ್ಷಿ ತಂದ್ವಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ, ಭೌಗೋಳಿಕ ಸೂಚಕ ಪಡೆದಿರುವ ದಪ್ಪ ಸಿಪ್ಪೆಯ ಕಪ್ಪು ದ್ರಾಕ್ಷಿ ಅದು. ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಹಿಂಡಿ, ಆರಿದ ಶುಂಠಿ ಕಷಾಯಕ್ಕೆ ಎರಡು ಲೋಟ ರಸ ಸುರಿದ್ವಿ. ಕುದಿಸಿದರೆ ಘಮ ಹೋಗುತ್ತೆ ಅಂತ ಹಸಿಯಾಗೇ. ಆಮೇಲೆ ಗಾಜಿನ ಬಾಟಲಿಗಳಿಗೆ ತುಂಬಿ ಮುಚ್ಚಳ ಬಿಗಿ ಮಾಡಿದ್ವಿ. ಒಂದು ಫ್ರಿಜ್ಜಿನ ಒಳಗೆ ಹೋಯ್ತು. ಇನ್ನೊಂದಕ್ಕೆ ಜಾಗ ಇರಲಿಲ್ಲ, ಫ್ರಿಜ್ಜಿನ ಮೇಲೆ ಇಟ್ವಿ, ಆಂಟಿ ಕೊಟ್ಟ ಬಾಟಲಿಯ ಪಕ್ಕದಲ್ಲೇ.

ನಾಲ್ಕನೇ ರಾತ್ರಿ ಎರಡು ಗಂಟೆಗೆ ಢಮ್ ಅಂತ ಸದ್ದು. ಟ್ರಾನ್ಸ್‌ಫಾರ್ಮರ್ ಹೋಯ್ತು ಅಂದುಕೊಂಡ್ವಿ. ಲೈಟ್ ಹಾಕಿ ನೋಡಿದರೆ ಅಡುಗೆಮನೆ ತುಂಬ ಗಾಜು. ಒಂದು ಚೂರು ಎದುರು ಗೋಡೆಯ ಕ್ಯಾಲೆಂಡರ್‌ಗೆ ಚುಚ್ಚಿಕೊಂಡಿತ್ತು. ಅದಕ್ಕೆ ಐದು ನಿಮಿಷ ಮೊದಲು ಗೆಳೆಯನ ಅಜ್ಜಿ ನೀರು ಕುಡಿಯೋಕೆ ಎದ್ದು ಬಂದು ಅದೇ ಫ್ರಿಜ್ಜಿನ ಮುಂದೆ ನಿಂತಿದ್ರು. ಈ ಲೇಖನ ಬರೆಯೋಕೆ ಅದೇ ಕಾರಣ.

ಮೊದಲ ಪ್ರಶ್ನೆ: ಕುದಿಸಿದ ಪಾನೀಯದಲ್ಲಿ ಗ್ಯಾಸ್ ಎಲ್ಲಿಂದ ಬಂತು?

ದ್ರಾಕ್ಷಿಯಿಂದ. ದ್ರಾಕ್ಷಿ ಮೇಲಿನ ಬೂದಿಯಂಥ ಬಿಳಿ ಪದರವನ್ನೇ ಯೀಸ್ಟ್ ಅಂತ ಹಲವರು ಹೇಳ್ತಾರೆ. ಅಲ್ಲ, ಅದು ಹಣ್ಣೇ ಮಾಡಿಕೊಳ್ಳುವ ಮೇಣ. ಆದರೆ ಕಣ್ಣಿಗೆ ಕಾಣದ ಯೀಸ್ಟ್ ಕೋಶಗಳು ಸಿಪ್ಪೆಯ ಮೇಲೆ ಇರುವುದಂತೂ ನಿಜ. ನೀರಲ್ಲಿ ತೊಳೆದರೆ ಪೂರ್ತಿ ಹೋಗಲ್ಲ, ಬಟ್ಟೆಯಲ್ಲಿ ಸೋಸಿದರೂ ನಿಲ್ಲಲ್ಲ. ಕುದಿಸಿ ಶುದ್ಧ ಮಾಡಿದ ಸಕ್ಕರೆ ನೀರಿಗೆ ನಾವೇ ಕೈಯಾರೆ ಯೀಸ್ಟ್ ಹಾಕಿದ್ವಿ. ಅದರ ಊಟಕ್ಕೆ ಸಕ್ಕರೆ ಅಲ್ಲೇ ಇತ್ತು. ಫ್ರಿಜ್ಜಿನ ಹಿಂಭಾಗದಿಂದ ಮೇಲೇರುವ ಬಿಸಿಗಾಳಿಯಿಂದ ಜಾಗವೂ ಬೆಚ್ಚಗಿತ್ತು.

ಎರಡನೇ ಪ್ರಶ್ನೆ: ಎಷ್ಟು ಗ್ಯಾಸ್?

ಫಸ್ಟ್ ಇಯರ್ ಕೆಮಿಸ್ಟ್ರಿ ಸಾಕು. 180 ಗ್ರಾಂ ಗ್ಲೂಕೋಸ್ ಹುದುಗಿದರೆ 92 ಗ್ರಾಂ ಎಥನಾಲ್, 88 ಗ್ರಾಂ ಕಾರ್ಬನ್ ಡೈಆಕ್ಸೈಡ್. ಅಂದರೆ ಸಕ್ಕರೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಗ್ಯಾಸ್ ಆಗುತ್ತೆ. ಒಂದು ಚಿಕ್ಕ ಚಮಚ, ಅಂದರೆ ಸುಮಾರು 4 ಗ್ರಾಂ ಸಕ್ಕರೆಯಿಂದ 2 ಗ್ರಾಂ ಗ್ಯಾಸ್. ರೂಮಿನ ಉಷ್ಣತೆಯಲ್ಲಿ ಅದು ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಜಾಗ ಬೇಡುತ್ತೆ. ಮುಚ್ಚಿದ ಲೀಟರ್ ಬಾಟಲಿಯಲ್ಲಿ ಹೆಚ್ಚಿನ ಗ್ಯಾಸ್ ದ್ರವದಲ್ಲೇ ಕರಗುತ್ತೆ, ಆದರೂ ಒತ್ತಡ ಸುಮಾರು 1 ಅಟ್ಮಾಸ್ಫಿಯರ್ ಏರುತ್ತೆ.

ನೆನಪಿಡಬೇಕಾದ ಲೆಕ್ಕ ಇದೊಂದೇ: ಲೀಟರಿಗೆ ಒಂದು ಚಮಚ ಸಕ್ಕರೆ ಹುದುಗಿದರೆ 1 ಅಟ್ಮಾಸ್ಫಿಯರ್. ಕಾರಿನ ಟೈರಿನಲ್ಲಿ ಇರುವುದು 2ರ ಆಸುಪಾಸು. ಶಾಂಪೇನ್ ಮಾಡುವವರು ಬಾಟಲಿಯೊಳಗೆ ಎರಡನೇ ಸಲ ಹುದುಗಿಸೋಕೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಹಾಕ್ತಾರೆ. ಒತ್ತಡ 6ರ ಹತ್ತಿರ ಹೋಗುತ್ತೆ. ಆ ಬಾಟಲಿ ಅಷ್ಟು ದಪ್ಪ ಇರುವುದು, ಬಿರಡೆಗೆ ತಂತಿ ಕಟ್ಟುವುದು ಅದಕ್ಕೇ. ನಮ್ಮದರಲ್ಲಿ ಲೀಟರಿಗೆ 200 ಗ್ರಾಂಗಿಂತ ಹೆಚ್ಚು ಸಕ್ಕರೆ ಇತ್ತು. 50 ಚಮಚ! ಅದರಲ್ಲಿ ಹತ್ತರಲ್ಲೊಂದು ಭಾಗ ಹುದುಗಿದರೂ 5 ಅಟ್ಮಾಸ್ಫಿಯರ್. ನಾವು ಬಳಸಿದ್ದು ಹಳೇ ಜ್ಯೂಸ್ ಬಾಟಲಿ. ಅದನ್ನು ಒತ್ತಡ ತಡೆಯೋಕೆ ಮಾಡಿರುವುದೇ ಇಲ್ಲ.

ಮೂರನೇ ಪ್ರಶ್ನೆ: ಉಳಿದ ಎರಡು ಬಾಟಲಿ ಯಾಕೆ ಒಡೆಯಲಿಲ್ಲ?

ನಮಗೆ ಗೊತ್ತಿಲ್ಲದೇ ಒಂದು ಒಳ್ಳೆ ಪ್ರಯೋಗ ನಡೆದುಹೋಗಿತ್ತು. ಆಂಟಿ ಬಾಟಲಿಯೂ ಅದೇ ಬೆಚ್ಚಗಿನ ಜಾಗದಲ್ಲಿತ್ತು, ಅಷ್ಟೇ ಸಕ್ಕರೆ ಇತ್ತು. ಆದರೆ ಎಲ್ಲವನ್ನೂ ಕುದಿಸಿದ್ದರಿಂದ ಯೀಸ್ಟ್ ಇರಲಿಲ್ಲ. ನಮ್ಮ ಫ್ರಿಜ್ಜಿನೊಳಗಿನ ಬಾಟಲಿಯಲ್ಲಿ ಯೀಸ್ಟ್ ಇತ್ತು, ಆದರೆ ತಂಪಿಗೆ ಅದರ ಕೆಲಸ ತುಂಬ ನಿಧಾನವಾಗಿತ್ತು. ಯೀಸ್ಟ್, ಸಕ್ಕರೆ, ಬೆಚ್ಚಗಿನ ಜಾಗ, ಬಿಗಿ ಮುಚ್ಚಳ ನಾಲ್ಕೂ ಸೇರಿದ್ದು ಒಡೆದ ಬಾಟಲಿಯಲ್ಲಿ ಮಾತ್ರ. ಹೆಲ್ಮೆಟ್ ಹಾಕಿ, ದಪ್ಪ ಟವೆಲ್ ಸುತ್ತಿ, ತಣ್ಣಗಿರುವಾಗಲೇ ಫ್ರಿಜ್ಜಿನ ಬಾಟಲಿಯ ಮುಚ್ಚಳ ನಿಧಾನಕ್ಕೆ ಸಡಿಲಿಸಿದ್ವಿ. ಅದೂ ಆಗಲೇ ಬುಸ್ ಅಂತು. ಪೂರ್ತಿ ಸಿಂಕಿಗೆ ಸುರಿದ್ವಿ.

ಇನ್ನೊಂದು ವಿಷಯ ಆಮೇಲೆ ಹೊಳೀತು. ಗ್ಯಾಸ್ ಬಂದಿದೆ ಅಂದ್ರೆ ಆಲ್ಕೋಹಾಲೂ ಬಂದಿದೆ. ಲೀಟರಿನಲ್ಲಿ 20 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು 10 ಗ್ರಾಂ ಎಥನಾಲ್, ಗಾತ್ರದ ಲೆಕ್ಕದಲ್ಲಿ ಶೇಕಡಾ 1.3ರಷ್ಟು. ಆಲ್ಕೋಹಾಲ್ ಇಲ್ಲ ಅಂತ ಹೇಳಿ ಅದನ್ನು ಅಜ್ಜಿಗೂ ಕುಡಿಸೋರಿದ್ವಿ.

ಈ ಸಲ ಮಾಡುವವರಿಗೆ ನಾಲ್ಕು ಮಾತು. ದ್ರಾಕ್ಷಿ, ಒಣದ್ರಾಕ್ಷಿ, ಯಾವ ಹಣ್ಣೇ ಹಾಕಿ, ಸೋಸುವ ಮೊದಲು ಅದೂ ಪಾತ್ರೆಯಲ್ಲಿ ಕುದಿಯಲಿ. 1860ರ ದಶಕದಲ್ಲಿ ಲೂಯಿ ಪಾಶ್ಚರ್ ವೈನ್ ಕೆಡದಂತೆ ಅದನ್ನು ಬಿಸಿ ಮಾಡಿ ತೋರಿಸಿದ್ದೂ ಇದೇ ತತ್ವದ ಮೇಲೆ. ಬಾಟಲಿಯನ್ನೂ ಕುದಿಸಿ ಒಣಗಿಸಿ. ಫ್ರಿಜ್ಜಿನಲ್ಲೇ ಇಡಿ, ವಾರದೊಳಗೆ ಮುಗಿಸಿ. ಗುಳ್ಳೆ ಕಂಡರೆ, ಮುಚ್ಚಳ ಉಬ್ಬಿದ್ದರೆ ಕುಡಿಯಬೇಡಿ. ಪ್ಲಾಸ್ಟಿಕ್ ಬಾಟಲಿಯಾದರೆ ಒತ್ತಿದಾಗ ಗಟ್ಟಿಯಾಗಿರುವುದರಿಂದಲೇ ಗೊತ್ತಾಗುತ್ತೆ, ಗಾಜು ಆ ಸೂಚನೆ ಕೊಡಲ್ಲ.

ಬೆಳಿಗ್ಗೆ ಗಾಜು ಗುಡಿಸುತ್ತಾ ನಾವು ಅಜ್ಜಿಗೆ ಇದನ್ನೆಲ್ಲ ವಿವರಿಸಿದ್ವಿ. ಅವರು ಪೂರ್ತಿ ಕೇಳಿಸಿಕೊಂಡು, "ದೋಸೆ ಹಿಟ್ಟಿನ ಪಾತ್ರೆಗೆ ಯಾರಾದ್ರೂ ಬಿಗಿಯಾಗಿ ಮುಚ್ಚಳ ಹಾಕ್ತಾರೇನ್ರೋ?" ಅಂದ್ರು. ನಾಲ್ವರಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಈ ಡಿಸೆಂಬರ್‌ನಲ್ಲೂ ಶುಂಠಿ ವೈನ್ ಮಾಡ್ತೀವಿ. ದ್ರಾಕ್ಷಿಯನ್ನೂ ಕುದಿಸ್ತೀವಿ. ಬಾಟಲಿ ಎಲ್ಲಿಡಬೇಕು ಅನ್ನೋದನ್ನ ಮಾತ್ರ ಅಜ್ಜಿಯನ್ನೇ ಕೇಳ್ತೀವಿ.