ಬುದ್ಧಿಯ ಆಟವೋ, ಜೂಜೋ?



ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವವರಿರಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವರಿರಲಿ, ಮೊಬೈಲಿನಲ್ಲಿ ಹಣ ಕಟ್ಟಿ ಕ್ರಿಕೆಟ್ ತಂಡ ಆರಿಸುವವರು ಕೊಡುವ ಸಮರ್ಥನೆ ಒಂದೇ: “ಇದು ಜೂಜಲ್ಲ, ಬುದ್ಧಿಯ ಆಟ.” ಈ ಮಾತಿಗೆ ಆಧಾರವಿಲ್ಲದಿಲ್ಲ. ಚಾತುರ್ಯವೇ ಪ್ರಧಾನವಾದ ಸ್ಪರ್ಧೆ ಜೂಜಲ್ಲವೆಂದು ಸುಪ್ರೀಂ ಕೋರ್ಟು 1957ರಲ್ಲೇ ಹೇಳಿತ್ತು. 1996ರಲ್ಲಿ ಕುದುರೆ ಪಂದ್ಯವನ್ನೂ ಅದೇ ಸಾಲಿಗೆ ಸೇರಿಸಿತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಯನ್ನು ತಿದ್ದಿ ಇಂಥ ಆಟಗಳನ್ನು ನಿಷೇಧಿಸಿದಾಗ, ಹೈಕೋರ್ಟು 2022ರ ಫೆಬ್ರವರಿ 14ರಂದು ಅದನ್ನು ರದ್ದುಪಡಿಸಿದ್ದೂ ಈ ಭೇದವನ್ನು ಮುಂದಿಟ್ಟುಕೊಂಡೇ.

2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಆ ಭೇದವನ್ನೇ ಕೈಬಿಟ್ಟಿತು. ಆನ್‌ಲೈನ್ ಆಟದಲ್ಲಿ ಗೆಲುವಿನ ಆಸೆ ತೋರಿಸಿ ಹಣ ಕಟ್ಟಿಸಿಕೊಂಡರೆ ಸಾಕು, ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ನೀಡಿದವರಿಗೂ ಶಿಕ್ಷೆಯುಂಟು. ಕಂಪನಿಗಳು ಇದನ್ನು ಪ್ರಶ್ನಿಸಿ ನಮ್ಮ ಹೈಕೋರ್ಟಿನ ಬಾಗಿಲನ್ನೂ ತಟ್ಟಿದವು.

ಧರ್ಮಸಭೆ ಕೇಳುವ ಪ್ರಶ್ನೆ ಬೇರೆ. ಪಣ ಕಟ್ಟುವುದು ತನ್ನಷ್ಟಕ್ಕೇ ಅನ್ಯಾಯವಲ್ಲ ಎನ್ನುತ್ತದೆ ಧರ್ಮೋಪದೇಶ ಗ್ರಂಥದ 2413ನೆಯ ಪರಿಚ್ಛೇದ. (ಹಬ್ಬದ ದಿನ ತಂಬೋಲಾ ಆಡಿಸುವ ನಮಗೆ ಇದು ಸಮಾಧಾನದ ಮಾತೇ!) ಆದರೆ ತನಗೂ ತನ್ನವರಿಗೂ ಅಗತ್ಯವಾದುದನ್ನು ಅದು ಕಸಿದುಕೊಂಡರೆ ಒಪ್ಪತಕ್ಕದ್ದಲ್ಲ. ಹಾಗಾದರೆ ನೀವು ಕ್ರಿಕೆಟನ್ನು ಎಷ್ಟು ಬಲ್ಲಿರಿ ಎಂಬುದು ಮುಖ್ಯವಲ್ಲ. ಕಟ್ಟಿದ ಹಣ ಯಾರದು ಎಂಬುದು ಮುಖ್ಯ. ಮಗಳ ಶಾಲೆಯ ಫೀಸೇ? ಹೆಂಡತಿ ಕೂಡಿಟ್ಟ ಚೀಟಿ ದುಡ್ಡೇ? ಬುದ್ಧಿವಂತನ ಲೆಕ್ಕಕ್ಕೂ ಒಂದು ಮಾತು: ಇಂಥ ಸ್ಪರ್ಧೆಯಲ್ಲಿ ಬಹುಮಾನದ ಹಣ ಬರುವುದು ಆಡುವವರ ಜೇಬಿನಿಂದಲೇ, ಅದರಲ್ಲಿ ನಡೆಸುವವರು ತಮ್ಮ ಪಾಲನ್ನು ಮೊದಲೇ ತೆಗೆದಿಡುತ್ತಾರೆ. ಎಲ್ಲರೂ ಜಾಣರಾದರೂ ಒಟ್ಟಾರೆ ನಷ್ಟ ಆಡುವವರಿಗೇ.

ಮನೆಯಲ್ಲಿ ಯಾರಾದರೂ ಆಡಿ ಸಾಲ ಮಾಡಿಕೊಂಡಿದ್ದರೆ, ಪೊಲೀಸರ ಭಯದಿಂದ ಮುಚ್ಚಿಡಬೇಡಿ. 2025ರ ಕಾನೂನು ಆಡಿದವನಿಗೆ ಶಿಕ್ಷೆ ವಿಧಿಸುವುದಿಲ್ಲ. (ಬುಕ್ಕಿಯ ಬಳಿ ಬೆಟ್ಟಿಂಗ್ ಕಟ್ಟುವುದು ಬೇರೆ ಸಂಗತಿ, ಅದಕ್ಕೆ ರಾಜ್ಯದ ಪೊಲೀಸ್ ಕಾಯ್ದೆಯಿದೆ.) ಬೈಯುವ ಮೊದಲು ಸಾಲ ಎಷ್ಟು, ಯಾರಿಗೆ ಎಂದು ಕೇಳಿ ಬರೆದುಕೊಳ್ಳಿ. ಬಿಡಲಾಗದಷ್ಟು ಗೀಳಾಗಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯಿದೆ. ಅಲ್ಲಿಗೆ ಹೋಗಲು ಸಂಕೋಚವಾದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಫೋನ್ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.