ನಂದಿಬೆಟ್ಟ ಮತ್ತು ಬೆಂಗಳೂರು ನೀಲಿ ದ್ರಾಕ್ಷಿ

ನಂದಿಬೆಟ್ಟ ಬೆಂಗಳೂರಿನ ಉತ್ತರಕ್ಕೆ, ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ನಕ್ಷೆ ಆಧಾರಿತ ಪ್ರಶ್ನೆಗೆ ಇಷ್ಟು ಸಾಕು.

ಬೆಟ್ಟದ ಎತ್ತರ 1,478 ಮೀಟರ್. ಅರ್ಕಾವತಿ ಹುಟ್ಟುವುದು ಇಲ್ಲೇ. ಅದು ಮುಂದೆ ಕಾವೇರಿಯನ್ನು ಸೇರುತ್ತದೆ. ಮೇಲೆ ಟಿಪ್ಪುವಿನ ಬೇಸಿಗೆ ಅರಮನೆ, ಕೋಟೆ, ಯೋಗನಂದೀಶ್ವರ ದೇಗುಲ. ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ. ಈ ಜೋಡಿಯನ್ನು ಅದಲುಬದಲು ಮಾಡಿ ಕೇಳುವುದು ಪ್ರಶ್ನೆಪತ್ರಿಕೆಯವರಿಗೆ ಬಲು ಇಷ್ಟ. ಗಾಂಧೀಜಿ 1927 ಮತ್ತು 1936ರಲ್ಲಿ ಇಲ್ಲಿ ವಿಶ್ರಾಂತಿ ಪಡೆದಿದ್ದರು.

ದ್ರಾಕ್ಷಿ ತೋಟಗಳಿರುವುದು ಶಿಖರದಲ್ಲಲ್ಲ, ತಪ್ಪಲಿನ ಕೆಂಪು ಮಣ್ಣಿನಲ್ಲಿ. ಸಾಲುಸಾಲು ಕಲ್ಲುಕಂಬ ನೆಟ್ಟು, ಅಡ್ಡಡ್ಡ ತಂತಿ ಬಿಗಿದು, ತಲೆಯೆತ್ತರಕ್ಕೆ ಚಪ್ಪರ ಹಾಕುತ್ತಾರೆ. ಗೊಂಚಲು ಎಲೆಗಳ ಕೆಳಗೆ ಜೋತುಬೀಳುತ್ತದೆ. ಬೆಂಗಳೂರು ನೀಲಿ ತಳಿಯದು ದಪ್ಪ ಸಿಪ್ಪೆ, ಬೀಜವುಂಟು, ಹುಳಿಮಿಶ್ರಿತ ಸಿಹಿ. ತಾಜಾ ಹಣ್ಣಾಗಿ ತಿನ್ನುವುದಲ್ಲದೆ ರಸ, ಜಾಮ್, ವೈನ್‌ಗೂ ಬಳಕೆ. ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ನಂಜನಗೂಡು ರಸಬಾಳೆ, ಕೊಡಗಿನ ಕಿತ್ತಳೆಯ ಜೊತೆಗೇ ಇದನ್ನೂ ಓದಿಕೊಳ್ಳಿ.

ಕರ್ನಾಟಕ ದ್ರಾಕ್ಷಾರಸ ಮಂಡಳಿ ಸ್ಥಾಪನೆ: 2007. ಒಣದ್ರಾಕ್ಷಿಯ ಪ್ರಶ್ನೆ ಬಂದರೆ ಮಾತ್ರ ಉತ್ತರ ವಿಜಯಪುರದ ಕಡೆಗೆ.